ಗಂಟಕ್ಕನ ಬಿಳಿ ಚೀಲ

ಆಸ್ಪತ್ರೆಗೆ ಬರುವ ಪ್ಲಾಸ್ಟಿಕ್ಕೆಲ್ಲ ಮೊದಲು ನನ್ನ ಕೈ ದಾಟಬೇಕು. ನಾನು ಸ್ಟೋರಿನವನು. ಸಿರಿಂಜಿಗೊಂದು ಹೊದಿಕೆ, ಆ ಹೊದಿಕೆಗೆ ಇನ್ನೊಂದು ಹೊದಿಕೆ. ಬೆಳಗ್ಗೆ ನಾನು ಕೊಟ್ಟು ಕಳಿಸಿದ್ದು ಸಂಜೆಯೊಳಗೆ ಕಸ. ಸಂಬಳ ಬರುತ್ತದೆ, ನಮಗೇನು ಎಂದು ನಾವೆಲ್ಲ ಸುಮ್ಮನಿದ್ದೆವು. ಸುಮ್ಮನಿರಲಾಗದವಳು ಆಪರೇಷನ್ ಥಿಯೇಟರಿನ ಹಿರಿಯ ನರ್ಸ್ ಒಬ್ಬಳೇ.

ಅವಳಿಗೆ ಅದು ಬರೀ ಕಸದ ವಿಷಯವಾಗಿರಲಿಲ್ಲ. ಆಸ್ಪತ್ರೆಗಳ ಕಸ ಸುಡುವ ಘಟಕದಲ್ಲಿ ಅವಳ ಅಳಿಯ ಕೆಲಸಕ್ಕಿದ್ದ. ಅವನಿಗೆ ಕೊಟ್ಟ ಮನೆಯೂ ಅದರ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು. ಮೊಮ್ಮಗಳಿಗೆ ಉಬ್ಬಸ. ಚಿಮಣಿಯ ಹೊಗೆ ಆ ಕಡೆ ತಿರುಗಿದರೆ ಸಾಕು, ಮಗು ಎದ್ದು ಕೂತು ಉಸಿರಿಗೆ ಒದ್ದಾಡುತ್ತಿತ್ತು. "ನಾವು ಇಲ್ಲಿ ಹರಿದು ಬಿಸಾಕಿದ್ದನ್ನ ಅದು ಅಲ್ಲಿ ಉಸಿರಾಡ್ತಿದೆ ಕಣಣ್ಣ" ಎಂದು ಒಮ್ಮೆ ನನ್ನ ಕೌಂಟರಿನ ಮುಂದೆ ನಿಂತು ಹೇಳಿದ್ದಳು. ಆಮೇಲೆ ಎರಡು ಡಬ್ಬಿ ಕೈಗವಸು ತಗೊಂಡು ಹೋದಳು.

ಅವಳು ಕಂಡುಕೊಂಡ ಉಪಾಯ ಸರಳವಾದದ್ದು. ಆಪರೇಷನ್ನಿಗೆ ಮುಂಚೆ ಬಿಚ್ಚಿದ ಹೊದಿಕೆಗಳಿಗೆ ರಕ್ತ ಸೋಂಕಿರುವುದಿಲ್ಲ. ಅವನ್ನು ಬಿಳಿ ಚೀಲಕ್ಕೆ ತುಂಬಿ, ರೋಗಿಯ ಗಾಡಿ ಬಾಗಿಲು ದಾಟುವ ಮುಂಚೆ ಗಂಟು ಹಾಕಬೇಕು. ಗಂಟು ಬಿದ್ದದ್ದು ಶುದ್ಧ. ಅದು ಪ್ಲಾಸ್ಟಿಕ್ ಕರಗಿಸಿ ಬಕೆಟ್ಟು ಮಾಡುವ ಕಾರ್ಖಾನೆಗೆ. ಗಂಟು ಬೀಳದ್ದು ಬೆಂಕಿಗೆ. ಸರ್ಜನ್ನರು ಮೊದಮೊದಲು ಮೂಗು ಮುರಿದರು. ಕಡೆಗೆ ಅವರೇ ಬಾಗಿಲಲ್ಲಿ ನಿಂತು, "ಗಂಟಕ್ಕ, ಗಂಟು ಬಿತ್ತೇನಮ್ಮ? ಪೇಷಂಟ್ ಒಳಗೆ ಬರಬಹುದಾ, ಇಲ್ಲ ಮನೆಗೆ ಹೋಗಲಾ?" ಎನ್ನುವಷ್ಟು ಪಳಗಿದರು. ಹೆಸರು ಹಾಗೇ ನಿಂತಿತು. ಶುದ್ಧ ಚೀಲ ಬೆಂಕಿಯ ರಾಶಿಗೆ ಸೇರಿದ್ದು ಕಣ್ಣಿಗೆ ಬಿದ್ದರೆ ಮಾತ್ರ ಅವಳ ಬಾಯಿಗೆ ಯಾರೂ ಎದುರು ನಿಲ್ಲುವ ಹಾಗಿರಲಿಲ್ಲ. ಆಯಾಗಳಂತೂ ಥರಥರ.

ಆ ಹೆದರಿಕೆಯೇ ಮುಳುವಾಯಿತು.

ಒಂದು ಮಧ್ಯಾಹ್ನ, ಹೆರಿಗೆಯಾಗಿ ರಕ್ತ ನಿಲ್ಲದ ಹೆಂಗಸೊಬ್ಬಳನ್ನು ಓಡೋಡಿಸಿಕೊಂಡು ತಂದರು. ಬಿಳಿ ಚೀಲ ಇನ್ನೂ ಬಾಯ್ತೆರೆದುಕೊಂಡಿತ್ತು. ಆಗ ಗಂಟು ಯಾರಿಗೆ ಬೇಕು? ಗಂಟಕ್ಕನೂ ರೋಗಿಯ ಹತ್ತಿರ ಓಡಿದಳು, ಓಡಲೇಬೇಕಿತ್ತು. ಗಡಿಬಿಡಿಯಲ್ಲಿ ಯಾರದೋ ಕೈಯಿಂದ ಒಂದು ಸೂಜಿ ಆ ಚೀಲಕ್ಕೆ ಬಿತ್ತು. ಹೆಂಗಸು ಉಳಿದಳು. ಎಲ್ಲ ಮುಗಿದ ಮೇಲೆ ನೆಲ ಒರೆಸಲು ಬಂದ ಆಯಾ ಚೀಲ ನೋಡಿದಳು, ಒಳಗಿನ ಸೂಜಿ ನೋಡಲಿಲ್ಲ. ಇದನ್ನು ಬೆಂಕಿಗೆ ಹಾಕಿದರೆ ಸಿಸ್ಟರ್ ಜನ್ಮ ಜಾಲಾಡಿಬಿಡುತ್ತಾರೆಂದು ತಾನೇ ಗಂಟು ಹಾಕಿ ಶುದ್ಧದ ಸಾಲಿನಲ್ಲಿಟ್ಟಳು. ಗಂಟು ಬಿದ್ದ ಚೀಲವನ್ನು ನಮ್ಮಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ.

ಕಾರ್ಖಾನೆಯಲ್ಲಿ ಅದನ್ನು ಬಿಚ್ಚಿ ವಿಂಗಡಿಸುತ್ತಿದ್ದ ಹುಡುಗಿಯ ಅಂಗೈಗೆ ಸೂಜಿ ಹೊಕ್ಕಿತು.

ಮರುದಿನವೇ ಸೂಪರಿಂಟೆಂಡೆಂಟರು ಬಿಳಿ ಚೀಲ ನಿಲ್ಲಿಸಿದರು. ಗಂಟಕ್ಕ ವಾದ ಮಾಡಿದಳು, ಬೇಡಿಕೊಂಡಳು. ಕಡೆಗೆ ಅವರು, "ಕಾರ್ಖಾನೆಯವರೇ ಮತ್ತೆ ತಗೋತೀವಿ ಅಂದ್ರೆ ನನ್ನದೇನೂ ಇಲ್ಲ. ಹೋಗಿ ಕೇಳಿ ನೋಡಿ" ಎಂದರು. ಅಷ್ಟು ಸಾಕಾಯಿತು ಅವಳಿಗೆ. ನನ್ನನ್ನೂ ಎಳೆದುಕೊಂಡು ಹೊರಟಳು.

ಕಾರ್ಖಾನೆಯೆಂದರೆ ತಗಡಿನ ಶೆಡ್ಡು. ಯಜಮಾನ ನಮ್ಮನ್ನು ನೋಡಿ, "ನಂದೇನಿಲ್ಲಮ್ಮ, ಮುಟ್ಟೋರು ಅವರು. ಅವಳು ಸರಿ ಅಂದ್ರೆ ಸರಿ" ಎಂದು ಒಳಗೆ ಕೈ ತೋರಿಸಿದ. ಹುಡುಗಿ ಗೋಣಿಯ ಮೇಲೆ ಕೂತು ಹೊದಿಕೆಯ ಅಂಚಿನ ಕಾಗದ ಸುಲಿಯುತ್ತಿದ್ದಳು. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂಸು ಅತ್ತು ಅತ್ತು ದನಿ ಸೋತಿತ್ತು.

"ಕೈ ಹೇಗಿದೆಯಮ್ಮ?" ಎಂದಳು ಗಂಟಕ್ಕ.

"ಕೈಗೇನೂ ಆಗಿಲ್ಲ. ರಕ್ತ ಪರೀಕ್ಷೆಗೆ ಕೊಟ್ಟಿದೀನಿ. ಸರಿಯಾಗಿ ಗೊತ್ತಾಗೋವರೆಗೂ ಮಗೂಗೆ ಎದೆಹಾಲು ಕೊಡಬೇಡ ಅಂದಿದಾರೆ. ಇದು ಬಾಟ್ಲಿ ಬಾಯಿಗೇ ಹಾಕಲ್ಲ."

ಗಂಟಕ್ಕ ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ನನ್ನ ತಲೆ ತಿಂದಿದ್ದಳು. ಇನ್ನು ಮುಂದೆ ಚೀಲಕ್ಕೆ ತಾನೊಬ್ಬಳೇ ಗಂಟು ಹಾಕುತ್ತೇನೆ, ಮೊಮ್ಮಗಳ ಉಬ್ಬಸ, ಎಲ್ಲ. ಅದರಲ್ಲಿ ಒಂದನ್ನೂ ಹೇಳಲಿಲ್ಲ.

ಹುಡುಗಿಯೇ ಕೇಳಿದಳು: "ಅಕ್ಕ, ಒಂದು ಮಾತು. ನಿಮ್ಮ ಆಸ್ಪತ್ರೇದು ಇನ್ಮೇಲೆ ಸುಟ್ಟುಬಿಡಿ. ನಮ್ಮ ಕೈಗೆ ಕೊಡಬೇಡಿ."

"ಆಯ್ತಮ್ಮ" ಎಂದಳು ಗಂಟಕ್ಕ. "ಸುಡಿಸ್ತೀನಿ."

ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಹುಡುಗಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಬಸ್ ಸ್ಟಾಪಿನಲ್ಲಿ ಗಂಟಕ್ಕ ಮಗಳಿಗೆ ಫೋನ್ ಮಾಡಿದಳು. "ಮಗೂನ ಸ್ವಲ್ಪ ದಿನ ನನ್ನ ಹತ್ರ ಕಳಿಸು."

"ಎಷ್ಟು ದಿನ ಅಮ್ಮ?" ಆ ಕಡೆಯ ದನಿ ನನಗೂ ಕೇಳಿಸಿತು.

ಗಂಟಕ್ಕ ಬೆರಳು ಮಡಚಿ ಎಣಿಸಹೋಗಿ ಅರ್ಧಕ್ಕೇ ಬಿಟ್ಟಳು.

"ಅಮ್ಮ? ಇದೀಯಾ? ಎಷ್ಟು ದಿನಕ್ಕೆ ಬಟ್ಟೆ ಇಡ್ಲಿ?"