ಎರಡನೇ ದಾರಿಯಲ್ಲಿ ಮಾಡಿದ ಲೆಕ್ಕ

ಬೆಳಗಿನ ಐದು ಗಂಟೆಗೆ ಫೋನ್ ಮಾಡಿ ಬೇರೆಯವರ ಮಕ್ಕಳನ್ನು ಎಬ್ಬಿಸುವುದೂ ಮೇಷ್ಟರ ಕೆಲಸ ಎಂದರೆ ಹೊರಗಿನವರು ನಗಬಹುದು. ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದ ಹಾಗೆ ನಮ್ಮ ಹೈಸ್ಕೂಲಿನಲ್ಲಿ ಒಬ್ಬೊಬ್ಬ ಮೇಷ್ಟರಿಗೂ ಐದಾರು ಮಕ್ಕಳನ್ನು ದತ್ತು ಕೊಡುತ್ತಾರೆ. ದತ್ತು ಅಂದರೆ ಆಸ್ತಿಯಲ್ಲಿ ಪಾಲೇನಿಲ್ಲ. ಬೆಳಗಿನ ಜಾವ ಎದ್ದು ಓದುತ್ತಿದ್ದಾರೋ ಇಲ್ಲವೋ ಎಂದು ವಿಚಾರಿಸಬೇಕು, ಅಷ್ಟೆ. ನನಗೆ ಅದು ಕಷ್ಟವಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ, ಬಿಪಿ ಮಾತ್ರೆ ಒಂದು ನುಂಗಿದೆನೋ ಎರಡೋ ಎಂದು ಯೋಚಿಸುತ್ತ ನಾಲ್ಕಕ್ಕೇ ಎದ್ದು ಕೂತಿರುತ್ತೇನೆ. ಮನೆ ಹಾಸನದಲ್ಲಿ, ಸ್ಕೂಲು ಹೊಳೆನರಸೀಪುರದ ಕಡೆ. ಬಸ್ ಹತ್ತುವಷ್ಟರಲ್ಲಿ ಆ ದಿನದ ಚಿಂತೆ ಮುಗಿದು ಮಾರನೆಯ ದಿನದ್ದಕ್ಕೆ ಕೈ ಹಾಕಿರುತ್ತೇನೆ.

ಹುಡುಗರಿಗೆ ಮಾಡಿದ ಫೋನನ್ನು ಅಪ್ಪಂದಿರು ಎತ್ತುತ್ತಿದ್ದರು. "ಆಗ್ಲೇ ಎದ್ದವ್ನೆ ಬುಡಿ ಸಾ" ಎಂಬ ಮಾತಿನ ಹಿಂದೆಯೇ ಮಗನ ಗೊರಕೆ ಕೇಳುತ್ತಿತ್ತು. ಒಬ್ಬಳು ಮಾತ್ರ ಮೊದಲ ರಿಂಗಿಗೇ ಎತ್ತುತ್ತಿದ್ದಳು. ಅವಳ ಮನೆ ಅರಕಲಗೂಡಿನ ಕಡೆ, ಆಲೂಗಡ್ಡೆ ಹೊಗೆಸೊಪ್ಪು ಬೆಳೆಯುವವರು. ನಮ್ಮ ಸ್ಕೂಲಿನ ಹತ್ತಿರ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು.

"ಎದ್ದಿವ್ನಿ ಸಾ. ಒಂದು ಡೌಟ್ ಕೇಳ್ಲಾ?"

"ಕೇಳಮ್ಮ."

"ಬಸ್ಸಲ್ಲಿ ನಮ್ಗೆ ಸೊನ್ನೆ ರೂಪಾಯಿ ಟಿಕೆಟ್ ಕೊಡ್ತಾರಲ್ಲ, ಸೊನ್ನೆ ಅಂದ್ರೆ ಏನೂ ಇಲ್ಲ ಅಲ್ವಾ? ಏನೂ ಇಲ್ದಿರೋದ್ಕೆ ಟಿಕೆಟ್ ಯಾಕೆ ಸಾ?"

ಯಾರೂ ಹತ್ತಲಿಲ್ಲ ಅನ್ನುವುದು ಬೇರೆ, ಹತ್ತಿದವರು ದುಡ್ಡು ಕೊಡಬೇಕಾಗಿರಲಿಲ್ಲ ಅನ್ನುವುದು ಬೇರೆ, ಟಿಕೆಟ್ ಇರುವುದು ಎರಡನೆಯದಕ್ಕೆ ಎಂದೆ.

"ಅಂಗಾದ್ರೆ ಸೊನ್ನೇಲಿ ಎರಡು ತರ ಐತಾ ಸಾ?"

ನಾನು ಉತ್ತರ ಹುಡುಕುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಹೆಂಡತಿ ಒಳಗಿನಿಂದ, "ದತ್ತು ಮಗಳು ಎದ್ಲಾ? ಹಾಗಾದ್ರೆ ಕಾಫಿ ಇಲ್ಲ" ಎಂದಳು.

ಇನ್ನೊಂದು ದಿನ ತರಗತಿಯಲ್ಲಿ ಏಣಿಯ ಲೆಕ್ಕ. ಅವಳ ಅಜ್ಜಿಯ ಮನೆಯ ಅಟ್ಟಕ್ಕೆ ಹಾಕಿದ್ದ ಬಿದಿರಿನ ಏಣಿ ಮೇಲೆ ಹೋದಂತೆ ಕಿರಿದಾಗುತ್ತಿತ್ತು. "ಎರಡು ಬೊಂಬೂನೂ ಅಂಗೇ ಬೆಳ್ಕಂಡೋದ್ರೆ ಎಲ್ಲಿ ಸೇರ್ತವೆ ಸಾ?" ಕೆಳಗಿನ ಮೆಟ್ಟಿಲು ಇಪ್ಪತ್ತು ಅಂಗುಲ, ಮೇಲಿನದು ಹದಿನೈದು, ನಡುವೆ ಒಂಬತ್ತು ಅಡಿ ಎಂದು ತಾನೇ ಅಳೆದು ತಂದಿದ್ದಳು. ಒಂಬತ್ತು ಅಡಿಗೆ ಐದು ಅಂಗುಲ ಕಳೆದರೆ ಇಪ್ಪತ್ತೂ ಕಳೆಯಲು ಮೂವತ್ತಾರು ಅಡಿ ಬೇಕು ಎಂದು ಬೋರ್ಡಿನ ಮೇಲೆ ತೋರಿಸಿದೆ. ಅವಳು ತೃಪ್ತಳಾಗಲಿಲ್ಲ. ತ್ರಿಭುಜ ಬರೆದು, ಅನುಪಾತ ಹಾಕಿ, ಬೇರೆ ದಾರಿಯಲ್ಲಿ ಅದೇ ಮೂವತ್ತಾರನ್ನು ತಂದಳು. ಆಮೇಲೆ ನಕ್ಕಳು.

ಆ ಚಾಳಿ ನನ್ನದೇ. ಉತ್ತರ ಬಂತೆಂದು ನಂಬಬೇಡಿ, ಇನ್ನೊಂದು ದಾರಿಯಲ್ಲಿ ಹೋಗಿ ನೋಡಿ, ಎರಡೂ ಒಂದೇ ಕಡೆ ತಂದು ಬಿಟ್ಟರೆ ಆಗ ನಂಬಿ ಎಂದು ಪ್ರತಿ ವರ್ಷ ಹೇಳುತ್ತೇನೆ. ಇದರಲ್ಲಿ ಗಣಿತದ ಘನತೆಯೇನೂ ಇಲ್ಲ. ಬೀಗ ಹಾಕಿ ಮತ್ತೆ ಎಳೆದು ನೋಡುವವನ ರೋಗ. ಉಳಿದ ಮಕ್ಕಳು ತಲೆಯಾಡಿಸಿ ಮರೆಯುತ್ತಿದ್ದರು. ಇವಳಿಗೆ ಅಂಟಿಕೊಂಡಿತು.

ಜನವರಿಯಲ್ಲಿ ನಮ್ಮಲ್ಲಿ ತರಗತಿಯನ್ನು ಎರಡು ಮಾಡುತ್ತಾರೆ. ಚೆನ್ನಾಗಿ ಓದುವವರಿಗೆ ಸ್ಕೋರಿಂಗ್ ಪ್ಯಾಕೇಜ್, ಉಳಿದವರಿಗೆ ಪಾಸಿಂಗ್ ಪ್ಯಾಕೇಜ್. ಪಾಸಿಂಗಿನವರು ಪುಸ್ತಕದಲ್ಲಿ ಮುಕ್ಕಾಲು ಪಾಲನ್ನು ಮುಟ್ಟುವ ಹಾಗಿಲ್ಲ. ಒಂದು ಪ್ರಮೇಯ, ಒಂದು ರಚನೆ, ಒಂದು ನಕ್ಷೆ, ಕೆಲವು ಸೂತ್ರ. ಇಷ್ಟನ್ನು ಕಣ್ಣು ಮುಚ್ಚಿ ಬರೆಯುವ ತನಕ ಬರೆಸುವುದು. ಏಕೆ ಎಂಬ ಪ್ರಶ್ನೆ ಪ್ಯಾಕೇಜಿನಲ್ಲಿ ಇಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅರ್ಧ ಪೇಪರ್ ಖಾಲಿ ಬಿಟ್ಟಿದ್ದ ನಮ್ಮ ಹುಡುಗಿಯ ಹೆಸರು ಪಾಸಿಂಗ್ ಪಟ್ಟಿಗೆ ಬಿತ್ತು.

"ನಾನು ಅಲ್ಲಿ ಕೂರಕಿಲ್ಲ ಸಾ" ಎಂದಳು. "ಪಿಯುಸೀಲಿ ಸೈನ್ಸ್ ತಗಬೇಕು. ಪಾಸಿಂಗಲ್ಲಿ ಏನೂ ಕೇಳಂಗಿಲ್ವಂತೆ."

ಅವಳ ತಾಯಿಯ ಹೆದರಿಕೆ ಬೇರೆ ಇತ್ತು. "ಪಾಸಾದ್ರೆ ಸಾಕು ಸಾ. ಫೇಲಾದ್ರೆ ಅವರಪ್ಪ ಒಂದು ದಿನಾನೂ ಮನೇಲಿ ಇಕ್ಕಳಕಿಲ್ಲ. ಹುಡ್ಗೀರ್ನ ಕೆಲ್ಸಕ್ಕೆ ತುಂಬ್ಕಂಡೋಗೋ ಗಾರ್ಮೆಂಟ್ಸ್ ವ್ಯಾನು ನಮ್ಮೂರ್ಗೂ ಬತ್ತದೆ" ಎಂದು ಫೋನಿನಲ್ಲೇ ಅತ್ತರು.

ಹೆಡ್ಮಾಸ್ಟರ ಬಳಿ ಹೋಗಿ ಅವಳನ್ನು ಸ್ಕೋರಿಂಗಿಗೆ ಹಾಕಿ ಎಂದೆ. ಅವರು ತಲೆ ಎತ್ತದೆ, "ನಿಮ್ಮ ಸ್ವಂತ ರಿಸ್ಕಾ?" ಎಂದರು. ಮೊಬೈಲ್ ಚಾರ್ಜಿಗೆ ಹಾಕಿ ಮನೆ ಬಿಡಲು ಹೆದರುವ ನಾನು ಹೌದೆಂದೆ. ಆಯುಷ್ಯದಲ್ಲಿ ಅದೊಂದು ಸಲ. ಹುಡುಗಿ ಸ್ಕೋರಿಂಗ್ ಕೋಣೆಗೆ ಬಂದು ಮುಂದಿನ ಬೆಂಚಿನಲ್ಲಿ ಕೂತಳು.

ಗಣಿತದ ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹೊರಗೆ ಕಾಯುತ್ತಿದ್ದೆ. ಪೇಪರ್ ಸುಲಭವಿತ್ತು ಎಂದು ಮಕ್ಕಳು ಕುಣಿಯುತ್ತ ಬಂದರು. ಅವಳೂ ನಗುತ್ತಲೇ ಬಂದಳು.

"ಎಲ್ಲಾ ಕರೆಕ್ಟಾಗಿ ಬಂದೈತೆ ಸಾ. ಎರಡು ದಾರೀಲೂ ತಾಳೆ ಆಯ್ತು."

"ಎರಡು ದಾರಿ? ಪರೀಕ್ಷೇಲಾ?"

"ಊಂ ಸಾ. ಒಂದೊಂದನ್ನೂ ನೋಡ್ದೆ."

"ನಕ್ಷೆ ಹಾಕಿದ್ಯಾ? ರಚನೆ?"

ನಗು ಅಲ್ಲೇ ನಿಂತಿತು. "ಅಷ್ಟೊತ್ಗೆ ಬೆಲ್ ಒಡೆದ್ಬುಟ್ರು ಸಾ."

ಪಾಸಿಂಗ್ ಮಕ್ಕಳು ಹತ್ತು ನಿಮಿಷದಲ್ಲಿ ಬರೆದು ಮುಗಿಸುವ ರಚನೆ, ನಕ್ಷೆ ಎರಡನ್ನೂ ಅವಳು ಮುಟ್ಟಿರಲಿಲ್ಲ. ಮಾಡಿದ ನಾಲ್ಕಾರು ಲೆಕ್ಕ ಮಾತ್ರ ತಪ್ಪಿರಲಿಲ್ಲ. ಎರಡು ಸಲ ತಪ್ಪಿರಲಿಲ್ಲ. ಎರಡನೇ ಸಲಕ್ಕೆ ಅಂಕ ಕೊಡುವ ಸರ್ಕಾರ ಇನ್ನೂ ಬಂದಿಲ್ಲ.

ಗಣಿತದಲ್ಲಿ ಅವಳು ಫೇಲಾದಳು. ಇಡೀ ಸ್ಕೂಲಿಗೆ ಅವಳೊಬ್ಬಳೇ. "ಶೇಕಡ ನೂರು" ಎಂದು ಹೆಡ್ಮಾಸ್ಟರು ಮುಂಚೆಯೇ ಮಾಡಿಸಿಟ್ಟಿದ್ದ ಫ್ಲೆಕ್ಸು ಗೋಡೆಗೆ ಮುಖ ಮಾಡಿ ನಿಂತಿತು. "ಗೊಡ್ಡು ಅನ್ಕೊಂಡಿದ್ದ ಮಕ್ಕಳೆಲ್ಲ ಪಾಸು ಕಣ್ರೀ. ನಿಮ್ಮ ಜಾಣೆ ಫೇಲು" ಎಂದರು. ಸ್ಟಾಫ್ ರೂಮಿನಲ್ಲಿ ಯಾರೋ ನನಗೆ ಟೀ ಕೊಡುತ್ತ, "ಸಾರ್, ಇನ್ನೊಂದು ದಾರಿಯಲ್ಲೂ ಸಕ್ಕರೆ ಹಾಕ್ಲಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾರಣ ಕೇಳಿ ನೋಟಿಸೂ ಬಂತು. ಅದಕ್ಕೆ ಬರೆದ ಉತ್ತರವನ್ನು ಕಳಿಸುವ ಮುಂಚೆ ಎರಡು ಸಲ ಓದಿದೆ, ರೋಗ ಹೋಗುವುದಿಲ್ಲವಲ್ಲ.

ವ್ಯಾನು ಹತ್ತುವ ಮುಂಚೆ ಇನ್ನೊಂದು ಅವಕಾಶವಿತ್ತು, ಎರಡನೇ ಪರೀಕ್ಷೆ. ಫೇಲಾದವರಿಗೆ ವಿಶೇಷ ತರಗತಿ ನಡೆಸಬೇಕೆಂದು ಮೇಲಿನಿಂದ ಆದೇಶ ಬಂತು. ನಮ್ಮಲ್ಲಿ ಫೇಲಾದವಳು ಒಬ್ಬಳೇ ಆದ್ದರಿಂದ ಅಕ್ಕಪಕ್ಕದ ಸ್ಕೂಲುಗಳ ಮಕ್ಕಳನ್ನೂ ಸೇರಿಸಿ ನನಗೆ ಒಪ್ಪಿಸಿದರು. ಪಾಸಿಂಗ್ ಪ್ಯಾಕೇಜ್ ಬಿಟ್ಟು ಒಂದಕ್ಷರ ಹೆಚ್ಚು ಹೇಳಬಾರದು ಎಂದು ಹೆಡ್ಮಾಸ್ಟರು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡರು.

ಅವಳು ಕೊನೆಯ ಬೆಂಚಿನಲ್ಲಿ ಕೂತಳು. ಪ್ರಮೇಯವನ್ನು ಬರೆದಳು, ಮತ್ತೆ ಬರೆದಳು. ಅಕ್ಷರ ಮೊದಲಿಗಿಂತ ದುಂಡಗಾಗಿತ್ತು. ಡೌಟ್ ಇದ್ದರೆ ಕೇಳಿ ಎಂದರೆ ಬೇರೆ ಮಕ್ಕಳ ಹಾಗೆ ಅವಳೂ ನೆಲ ನೋಡುತ್ತಿದ್ದಳು. ಬೆಳಗಿನ ಜಾವದ ಫೋನಿಗೆ, "ಓದ್ತಾ ಇವ್ನಿ ಸಾ" ಎಂದಷ್ಟೇ ಹೇಳಿ ಇಡುತ್ತಿದ್ದಳು. ನಮ್ಮ ಮನೆಯಲ್ಲಿ ಹಾಲು ಉಕ್ಕುವುದು ನಿಂತಿತು.

ಪರೀಕ್ಷೆಗೆ ಕೆಲವು ದಿನ ಇರುವಾಗ ನನಗೆ ತಡೆಯಲಾಗಲಿಲ್ಲ. ಹೆಡ್ಮಾಸ್ಟರು ಊಟಕ್ಕೆ ಹೋಗಿದ್ದರು. ಅದೇ ಪ್ರಮೇಯ ಬರೆಯುತ್ತ, ಎರಡು ತ್ರಿಭುಜಗಳ ವಿಸ್ತೀರ್ಣ ಸಮ ಎಂದು ಬರೆಯಬೇಕಾದ ಕಡೆ, ಬೇಕೆಂತಲೇ, ಸಮವಲ್ಲ ಎಂದು ದೊಡ್ಡದಾಗಿ ಬರೆದೆ. ಮುಂದಿನ ಸಾಲಿನಲ್ಲಿ ಏನೂ ಆಗಿಲ್ಲವೆಂಬಂತೆ ಸಮ ಎಂದೇ ಮುಂದುವರಿಸಿದೆ. ಎರಡು ಸಾಲೂ ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದವು. ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಳ್ಳುವ ನೆಪದಲ್ಲಿ ಕಾದೆ.

ಅವಳು ಬೋರ್ಡನ್ನು ನೋಡಿದಳು. ಹುಬ್ಬು ಒಂದು ಚೂರು ಮೇಲೆ ಹೋಯಿತು. ಆಮೇಲೆ ಅವಳು ತಲೆ ತಗ್ಗಿಸಿ ಎರಡು ಸಾಲನ್ನೂ, ಸಮವಲ್ಲ, ಸಮ, ದುಂಡಗೆ ಇಳಿಸಿಕೊಂಡಳು.

"ಇದು ಸರಿಯಾಗಿದ್ಯೇನಮ್ಮ?" ಎಂದು ಅವಳನ್ನೇ ಕೇಳಿದೆ.

"ನೀವು ಬರ್ದಿದ್ದೀರಲ್ಲ ಸಾ."

"ನೀನು ನೋಡಿ ಹೇಳು."

"ಪರೀಕ್ಷೇಲಿ ಯಾವ್ದು ಬರೀಬೇಕು, ಅದ್ನೇಳಿ ಸಾ" ಎಂದಳು. ಕೋಪ ಇರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಳಿಸಿ ತಿದ್ದಿದೆ. ಅವಳೂ ಸ್ಕೇಲ್ ಇಟ್ಟು ಒಂದು ಗೆರೆ ಹೊಡೆದು ತಿದ್ದಿಕೊಂಡಳು. ಪೆನ್ನು ಹಿಡಿದು ಮುಂದಿನ ಸಾಲಿಗೆ ಕಾದಳು.

ಎರಡನೇ ಪರೀಕ್ಷೆಯಲ್ಲಿ ಪಾಸಾದಳು. ಸೈನ್ಸಿಗೆ ಸೇರಲಿಲ್ಲ, ಅದರಲ್ಲಿ ಗಣಿತ ಇರುತ್ತದೆ ಎಂದಳಂತೆ. ಗಾರ್ಮೆಂಟ್ಸ್ ವ್ಯಾನನ್ನೂ ಹತ್ತಲಿಲ್ಲ. ಅರಕಲಗೂಡಿನಲ್ಲಿ ಆರ್ಟ್ಸ್ ಓದುತ್ತಿದ್ದಾಳೆ. ಅವಳ ತಾಯಿ ಫೋನ್ ಮಾಡಿ, "ನಿಮ್ಮಿಂದ ದಾರಿಗೆ ಬಂದ್ಲು ಸಾ. ಈಗ ಬಾಳ ಒಳ್ಳೇವ್ಳಾಗವ್ಳೆ, ಒಂದು ಮಾತು ಎದುರು ಕೇಳಕಿಲ್ಲ" ಎಂದರು. ಸಂತೋಷ ಎಂದೆ.

ಈ ವರ್ಷ ಚನ್ನರಾಯಪಟ್ಟಣದಲ್ಲಿ ಗಣಿತದ ಮೇಷ್ಟರುಗಳಿಗೆ ಪಾಸಿಂಗ್ ಪ್ಯಾಕೇಜಿನ ತರಬೇತಿ ಇದೆ. ಅದನ್ನು ಕೊಡಲು ಹೆಡ್ಮಾಸ್ಟರು ನನ್ನ ಹೆಸರು ಕಳಿಸಿದ್ದಾರೆ. ಒಪ್ಪಿಕೊಂಡಿದ್ದೇನೆ.