ಮಾರ್ಲಿಸ್ ತನ್ನ ಮನೆಯನ್ನು ಹಳಿದದ್ದು

ನಮ್ಮ ವಿಸ್ಕಾನ್ಸಿನ್ ಕಡೆಯವರಿಗೆ ತಮ್ಮದನ್ನು ತಾವೇ ಹೊಗಳಿಕೊಳ್ಳುವುದೆಂದರೆ ನಾಚಿಕೆ. ಯಾರಾದರೂ ನಿಮ್ಮ ಅಡುಗೆಯನ್ನು ಮೆಚ್ಚಿದರೆ ತಳ ಹಿಡಿದಿದೆ ಎನ್ನಬೇಕು. ತೀರಾ ಚೆನ್ನಾಗಿದ್ದರೆ 'ಪರವಾಗಿಲ್ಲ' ಎನ್ನಬಹುದು, ಅದೇ ಶಿಖರ. ಈ ವಿದ್ಯೆಯಲ್ಲಿ ನನ್ನ ಪಕ್ಕದ ಮನೆಯ ಮಾರ್ಲಿಸ್ ಟ್ವೆಟ್‌ಳನ್ನು ಮೀರಿಸಿದವರಿಲ್ಲ. ಊರಿಗೇ ಹೆಸರಾದ, ರೂಬಾರ್ಬ್ ಎಂಬ ಹುಳಿದಂಟಿನ ತನ್ನ ಸಿಹಿ ಪೈ ತಂದಿಟ್ಟು, "ಈ ಸಲ ಕೆಟ್ಟೋಗಿದೆ, ನಾಯಿಗೆ ಹಾಕ್ಬೇಕಿತ್ತು" ಎನ್ನುವಳು. ನಾವು ತಟ್ಟೆ ನೆಕ್ಕುತ್ತಿದ್ದೆವು.

ಅವಳು ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಗಂಡ ವರ್ಲಿನ್ ಕಾಗದದ ಕಾರ್ಖಾನೆಯವನು. ಅಲ್ಲಿ ಮುಖಕ್ಕೆ ಆಸಿಡ್ ಸಿಡಿದು ಎರಡೂ ಕಣ್ಣು ಹೋದವು. ಆದರೆ ಹೊಳೆದಂಡೆಯ ಆ ಮನೆಯನ್ನು ಅವನು ಕಣ್ಣಿದ್ದಾಗ ತನ್ನ ಕೈಯಾರೆ ಕಟ್ಟಿದ್ದ. ಅದರೊಳಗೆ ಅವನು ಎಂದೂ ಕೋಲು ಹಿಡಿಯಲಿಲ್ಲ. ಹಿತ್ತಿಲ ಮೆಟ್ಟಿಲಿಳಿದು ಒಬ್ಬನೇ ಹೊಳೆಗೆ ಗಾಳ ಹಾಕಿ ಮೀನು ತರುತ್ತಿದ್ದ. ಹೊರಗೆ ಕುರುಡ, ಮನೆಯೊಳಗೆ ಯಜಮಾನ.

ಕಾರ್ಖಾನೆ ಮುಚ್ಚಿದ ಮೇಲೆ ನಗರಸಭೆಯವರ ಕಣ್ಣು ಹೊಳೆದಂಡೆಯ ಮೇಲೆ ಬಿತ್ತು. ಅಲ್ಲಿ ದೊಡ್ಡ ವಸತಿ ಕಟ್ಟಡಗಳು ಏಳಬೇಕು. ಅವು ಎದ್ದ ಮೇಲೆ ಹೆಚ್ಚಾಗಿ ಬರುವ ತೆರಿಗೆಯನ್ನು ಹಲವು ವರ್ಷ ಆ ಕಟ್ಟಡಗಳ ಖರ್ಚಿಗೇ ತಿರುಗಿಸಬೇಕು. ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟುವ ವ್ಯವಹಾರ. ಆದರೆ ಮೊದಲು ಆ ಜಾಗ ಪಾಳುಬಿದ್ದಿದೆ ಎಂದು ತೋರಿಸಬೇಕಿತ್ತು. ತೋರಿಸಿಬಿಟ್ಟರೆ ಒಪ್ಪದವರ ಮನೆಯನ್ನೂ ಬಲವಂತವಾಗಿ ಕೊಳ್ಳಬಹುದು.

ಪರಿಶೀಲನೆಗೆ ಎಲ್ಲಿಂದಲೋ ಪ್ರುಯಿಟ್ ಎಂಬವನು ಬಂದ. ಅವನು ಮಾರ್ಲಿಸ್‌ಳ ಮನೆಗೆ ಬಂದಾಗ ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ಮನೆ ತುಂಬಾ ಚೆನ್ನಾಗಿದೆ ಅಮ್ಮಾ" ಎಂದ.

"ಅಯ್ಯೋ ಬಿಡಪ್ಪಾ, ಏನ್ ಚೆಂದ! ನೆಲಮಾಳಿಗೆ ನೋಡು, ಹಿಮ ಕರಗಿದ್ರೆ ಸಾಕು, ಹೊಳೆ ಒಳಗೇ ಬರುತ್ತೆ. ಮೆಟ್ಟಿಲು ಗಡಗಡ ಅನ್ನುತ್ತೆ. ಸೂರು ಯಾವತ್ತು ತಲೆ ಮೇಲೆ ಬೀಳುತ್ತೋ!"

"ಕಟ್ಟಿದೋನು ಕುರುಡ ಇರ್ಬೇಕು" ಎಂದು ವರ್ಲಿನ್ ನಕ್ಕ. ನಾವೂ ನಕ್ಕೆವು. ಪ್ರುಯಿಟ್ ನಗಲಿಲ್ಲ, ಬರೆದುಕೊಂಡ. ಮಾರ್ಲಿಸ್ ಅವನಿಗೆ ಇನ್ನೊಂದು ತುಂಡು ಪೈ ಬಡಿಸಿದಳು.

ನಗರಸಭೆಯ ಸಾರ್ವಜನಿಕ ಸಭೆಯಲ್ಲಿ ಪ್ರುಯಿಟ್ ಎದ್ದು ನಿಂತು, ಟ್ವೆಟ್ ಅವರ ಮನೆ ವಾಸಕ್ಕೆ ಯೋಗ್ಯವಲ್ಲ, ಒಡತಿಯೇ ಒಪ್ಪಿದ್ದಾರೆ ಎಂದ. ಮಾರ್ಲಿಸ್‌ಳ ಮುಖ ಬಿಳಚಿಕೊಂಡಿತು.

"ಅದು ಸುಮ್ನೆ ಮಾತಿಗೆ ಅಂದಿದ್ದು..."

"ಹಾಗಾದ್ರೆ ಮನೆ ಚೆನ್ನಾಗಿದೆ ಅಂತೀರಾ?" ಅಧ್ಯಕ್ಷ ಕೇಳಿದ.

ಒಂದು ಮಾತು ಸಾಕಿತ್ತು. ಊರೆಲ್ಲ ನೋಡುತ್ತಿತ್ತು. ಅವಳು ಕೈಚೀಲ ಹಿಸುಕಿದಳು, ಗಂಡನ ಕಡೆ ನೋಡಿದಳು.

"ಪರವಾಗಿಲ್ಲ" ಎಂದಳು.

"ಥೂ, ಅದರರ್ಥ ನಿಮಗೆ ಗೊತ್ತಿಲ್ವೇನ್ರೋ? ನೀವೇನು ಈ ಊರಲ್ಲಿ ಹುಟ್ಟಿಲ್ವಾ?" ಎಂದು ನಾನು ಹಿಂದಿನಿಂದ ಕೂಗಿದೆ. ಅಧ್ಯಕ್ಷ ಮೇಜು ಕುಟ್ಟಿದ. ಗೊತ್ತಿತ್ತು, ಅಲ್ಲಿದ್ದ ಪ್ರತಿಯೊಬ್ಬ ಸದಸ್ಯನಿಗೂ ಗೊತ್ತಿತ್ತು. ಅವಳ ಕೈಯಡುಗೆ ಉಂಡು ಬೆಳೆದವರೇ ತಲೆ ತಗ್ಗಿಸಿ, ಮನೆ ಪಾಳೆಂದು ಕೈ ಎತ್ತಿದರು. ಅವರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮನೆ ಬಿತ್ತು. ಸೂರು ಕೀಳಲು ಕೆಲಸದವರು ಪಟ್ಟ ಪಾಡು ನೋಡಬೇಕಿತ್ತು, ಅಷ್ಟು ಗಟ್ಟಿಯಾಗಿತ್ತು. ಅವರಿಬ್ಬರು ಹೆದ್ದಾರಿ ಪಕ್ಕದ ಒಂದು ಬಾಡಿಗೆ ಮನೆಗೆ ಹೋದರು. ಸಾಮಾನು ಇಳಿಸಲು ನಾನೂ ಹೋಗಿದ್ದೆ. ಬರಿಗೋಡೆಯ ಮೇಲೆ ವರ್ಲಿನ್‌ನ ಕೈ ಬಾಗಿಲು ಹುಡುಕುತ್ತಿತ್ತು, ಸಿಗಲಿಲ್ಲ.

"ಮಾರ್ಲಿಸ್, ಹೇಗಿದೆ ಮನೆ?" ಎಂದು ಕೇಳಿದ.

ಅವಳು ಹೊತ್ತಿದ್ದ ಪೆಟ್ಟಿಗೆ ಕೆಳಗಿಟ್ಟಳು.

"ಚೆನ್ನಾಗಿದೆ ಕಣೋ. ತುಂಬಾ ಚೆನ್ನಾಗಿದೆ."

ಬದುಕಿನಲ್ಲಿ ತನ್ನದೆನ್ನುವ ಯಾವುದನ್ನೂ ಅವಳು ಹಾಗೆ ಹೊಗಳಿದವಳಲ್ಲ. ವರ್ಲಿನ್ ಗೋಡೆಗೆ ಹಣೆಯಿಟ್ಟು ಅತ್ತುಬಿಟ್ಟ.