ರಂಗೂನಿನ ಸರ್ಟಿಫಿಕೇಟಿಗೆ ನಾನು ಬರೆದ ಶೇರಾ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮೂಡಲಗಿಯಲ್ಲಿ ಹೆಂಡತಿ ಜ್ವರ ಹಿಡಿದು ಮಲಗಿದ್ದಾಗ ಹೇಳಬೇಕೆಂದು ಎರಡು ಸಲ ಹಾಸಿಗೆಯ ಬಳಿ ಕೂತೆ. ಎರಡು ಸಲವೂ ಗೋಧಿ ಬೀಸಿಸುವ ಮಾತಾಡಿ ಎದ್ದೆ. ಅವಳು ಕೇಳದೆಯೇ ಹೋದಳು. ಬರೆದರಾದರೂ ನಾನು ಮಾಡಿದ್ದು ತಪ್ಪೋ, ಬರೀ ತಿಳಿಗೇಡಿತನವೋ ಗೊತ್ತಾದೀತು ಎಂಬ ಆಸೆಯಿಂದ ಈಗ ಕೂತಿದ್ದೇನೆ.

ಯುದ್ಧದ ಕಾಲ. ಹುಕ್ಕೇರಿಯಲ್ಲಿ, ಸುತ್ತಲಿನ ದವಾಖಾನೆಗಳನ್ನು ನಡೆಸುವ ಒಂದು ಕಚೇರಿಯಲ್ಲಿ ನಾನು ಕಾರಕೂನ. ಮೂರನೆಯ ಸಲಕ್ಕೆ ಮ್ಯಾಟ್ರಿಕ್ ಪಾಸಾದವನು. ಅಕ್ಷರ ಮಾತ್ರ ಚೆನ್ನಾಗಿತ್ತು. ನೌಕರಿಗೆ ಬಂದ ಅರ್ಜಿಗಳ ಯಾದಿ ಮಾಡುವುದು ನನ್ನ ಕೆಲಸ. ಹೆಸರು, ವಯಸ್ಸು, ಕಲಿತದ್ದೇನು, ಎಲ್ಲಿ ಕಲಿತದ್ದು, ಕೊನೆಗೆ ಶೇರಾ. ಶೇರಾ ಎಂದರೆ ಕೆಂಪು ಶಾಯಿಯಲ್ಲಿ ಬರೆಯುವ ಒಂದು ಸಾಲಿನ ಅಭಿಪ್ರಾಯ. ಸಭೆಗೆ ಬರುವ ಮೆಂಬರರು ಇಂಗ್ಲಿಷ್ ಕಾಗದ ಓದುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಆ ಕೆಂಪು ಸಾಲು ನೋಡಿ ಕೈ ಎತ್ತುತ್ತಿದ್ದರು.

ಸೂಲಗಿತ್ತಿಯ ಜಾಗಕ್ಕೆ ಅರ್ಜಿ ಕರೆದಾಗ ಬೆಲ್ಲದ ಬಾಗೇವಾಡಿಯಿಂದ ಒಬ್ಬ ಹೆಂಗಸು ಅತ್ತೆಯ ಜೊತೆ ನಡೆದು ಬಂದಳು. ಆಕೆ ಹುಟ್ಟಿ ಬೆಳೆದದ್ದು ರಂಗೂನಿನಲ್ಲಿ. ಗಂಡ ಬಾಗೇವಾಡಿಯವನು, ಅಲ್ಲಿಗೆ ಹೋಗಿ ಕಟ್ಟಿಗೆ ಡಿಪೋದಲ್ಲಿ ದುಡಿಯುತ್ತಿದ್ದವನು. ಊರಿನ ಮೇಲೆ ಬಾಂಬು ಬೀಳತೊಡಗಿದಾಗ ಇಬ್ಬರೂ ಕಾಡುಹಾದಿ ಹಿಡಿದು ಹೊರಟಿದ್ದರು; ಆಕೆಯೊಬ್ಬಳೇ ತಲುಪಿದಳು. ಎಂದೂ ಕಾಣದ ಊರಿಗೆ ಬಂದು ಅತ್ತೆಯನ್ನು ಮೊದಲ ಸಲ ನೋಡಿದ್ದಳು. ನಮ್ಮ ಮಾತು ಅರ್ಧ ಬರುತ್ತಿತ್ತು, ಉಳಿದರ್ಧ ಹಿಂದೂಸ್ತಾನಿ. ಭಾವನ ಮನೆಯಲ್ಲಿ ಇಬ್ಬರಿಗೂ ತುತ್ತು ತುತ್ತಿಗೂ ಮಾತು ಕೇಳಬೇಕಾಗಿತ್ತಂತೆ. ನೌಕರಿ ಸಿಕ್ಕರೆ ದವಾಖಾನೆಯ ಹಿಂದಿನ ಎರಡು ಖೋಲಿಯೂ ಸಿಗುತ್ತಿತ್ತು. ಪಗಾರಕ್ಕಿಂತ ಹೆಚ್ಚಾಗಿ ಅವರು ಆ ಖೋಲಿಗಳ ಮೇಲೆ ಜೀವ ಇಟ್ಟುಕೊಂಡಿದ್ದರು.

ಮೇಣಗಪ್ಪಡದಲ್ಲಿ ಸುತ್ತಿದ್ದ ಸರ್ಟಿಫಿಕೇಟನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಪೂರಾ ಎರಡು ವರ್ಷ ಕಲಿತಿದ್ದಳು.

‘ಎಲ್ಲಿ ಕಲಿತದ್ದು’ ಎಂಬಲ್ಲಿ, ಶಾಯಿಯಲ್ಲಿ ಅದ್ದಿದ ನನ್ನ ಟಾಕು ನಿಂತಿತು. ನಾನು ಸಾಲಿ ಕಲಿಯುವಾಗ ರಂಗೂನು ಹಿಂದೂಸ್ತಾನದ ನಕಾಶೆಯಲ್ಲೇ ಇತ್ತು. ಆಮೇಲೆ ಬರ್ಮಾ ಬೇರೆಯಾಯಿತು. ಆಕೆಯ ಸರ್ಟಿಫಿಕೇಟು ಬೇರೆಯಾಗುವುದಕ್ಕೆ ಮುಂಚಿನದು, ಅರ್ಜಿ ಆಮೇಲಿನದು. ಹಾಗಾದರೆ ಆಕೆ ಕಲಿತದ್ದು ನಮ್ಮ ದೇಶದಲ್ಲೋ, ಪರದೇಶದಲ್ಲೋ? ಹೆಡ್ ಕ್ಲಾರ್ಕರ ಬಳಿ ಹೋದೆ.

“ರಾವಸಾಹೇಬ್ರ, ಇದನ್ನ ಏನಂತ ಬರೀಲ್ರಿ?”

“ಮ್ಯಾಟ್ರಿಕ್ ನೀ ಆಗೀಯೋ, ನಾ ಆಗೇನೋ? ಪರದೇಶ ಅಂತ ಹಾಕು, ಮುಗೀತು.”

“ಹೋದ ತಿಂಗಳ ಬಂದ ಡಾಕ್ಟರ್ ಸಾಹೇಬ್ರದೂ ಪರದೇಶದ್ದ ಇತ್ತಲ್ರಿ.”

“ಲೇ ಹುಚ್ಚಾ, ಅದು ವಿಲಾಯತಿ! ವಿಲಾಯತಿ ಅಂದ್ರ ಪರದೇಶ ಏನೋ?” ಎಂದು ಅವರು ಅಡಿಕೆ ಚೂರು ನೆತ್ತಿಗೇರುವಷ್ಟು ನಕ್ಕರು.

ಖರೆ ಹೇಳಬೇಕೆಂದರೆ, ಆ ಡಾಕ್ಟರರ ಕಾಗದವನ್ನು ನಾನು ಬಿಚ್ಚಿಯೂ ನೋಡಿರಲಿಲ್ಲ. ‘ವಿಲಾಯತಿ ಪದವಿ’ ಎಂದು ಬರೆದಿದ್ದೆ. ಮೆಂಬರರು ಎದ್ದು ನಿಂತು ಬರಮಾಡಿಕೊಂಡಿದ್ದರು.

ಸೂಲಗಿತ್ತಿಯ ಜಾಗಕ್ಕೆ ಇನ್ನೊಬ್ಬಳ ಅರ್ಜಿಯೂ ಇತ್ತು. ಬೆಳಗಾವಿಯಲ್ಲಿ ಆರು ತಿಂಗಳು ಕಲಿತವಳು; ನಮ್ಮ ಭಾಗವೆಲ್ಲ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಅವಳ ಹೆಸರಿನ ಮುಂದೆ ‘ಮುಂಬಯಿ ಇಲಾಖೆಯ ಮಾನ್ಯತೆ ಇದೆ’ ಎಂದು ಬರೆದೆ. ರಂಗೂನಿನವಳ ಮುಂದೆ ‘ಪರದೇಶದ ಸರ್ಟಿಫಿಕೇಟು, ಮಾನ್ಯತೆ ಇಲ್ಲ’ ಎಂದು ಬರೆದೆ. ಮಾನ್ಯತೆ ಇಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ‘ಗೊತ್ತಿಲ್ಲ’ ಎಂದು ಬರೆಯುವ ಕಾರಕೂನನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಸಭೆಗೆ ಎರಡು ದಿನ ಇರುವಾಗ, ಬೇರೇನೋ ಹುಡುಕುತ್ತಿದ್ದ ನನಗೆ ದಫ್ತರದಲ್ಲಿ ಒಂದು ಸುತ್ತೋಲೆ ಸಿಕ್ಕಿತು. ಬರ್ಮಾದಿಂದ ಬಂದ ಶಿಕ್ಷಕರು, ಕಂಪೌಂಡರರು ಮತ್ತು ಇತರರ ಹಳೆಯ ಸರ್ಟಿಫಿಕೇಟುಗಳನ್ನು ಇಲ್ಲಿನವೆಂದೇ ಹಿಡಿಯಬಹುದು ಎಂದಿತ್ತು. ಆ ‘ಇತರ’ರಲ್ಲಿ ಸೂಲಗಿತ್ತಿ ಬರುತ್ತಾಳೋ ಇಲ್ಲವೋ ಈಗಲೂ ನನಗೆ ತಿಳಿಯದು. ಅದನ್ನು ಯಾದಿಗೆ ಲಗತ್ತಿಸಿ ಅಧ್ಯಕ್ಷರ ಮುಂದೆ ಇಡಬೇಕೆಂಬುದು ಮಾತ್ರ ಅವತ್ತೇ ಚೆನ್ನಾಗಿ ತಿಳಿದಿತ್ತು. ಆದರೆ ಯಾದಿಯ ಶುದ್ಧಪ್ರತಿ ಮುಗಿದುಹೋಗಿತ್ತು, ನಾಲ್ಕು ಹಾಳೆ, ಒಂದೂ ಚಿತ್ತಿಲ್ಲದೆ. ನನ್ನ ಹಾಳೆಗಳನ್ನು ಎತ್ತಿ ತೋರಿಸಿ ಹೆಡ್ ಕ್ಲಾರ್ಕರು ಉಳಿದವರನ್ನು ಬೈಯುತ್ತಿದ್ದರು. ಶೇರಾ ಬದಲಿಸಲು ಕೆಂಪು ಸಾಲಿನ ಮೇಲೆ ಕಾಟು ಹಾಕಬೇಕು, ಇಲ್ಲವೇ ಎಲ್ಲವನ್ನೂ ಮತ್ತೆ ಬರೆಯಬೇಕು. ಸುತ್ತೋಲೆಯನ್ನು ಇದ್ದಲ್ಲಿಯೇ ಇಟ್ಟು ದಫ್ತರದ ಬಟ್ಟೆಗೆ ಗಂಟು ಹಾಕಿದೆ. ಇಷ್ಟು ಸಣ್ಣ ಕಾರಣವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಬೇರೆ ಕಾರಣ ಸಿಕ್ಕಿಲ್ಲ.

ಬೆಳಗಾವಿಯಲ್ಲಿ ಕಲಿತವಳಿಗೆ ನೌಕರಿ ಆಯಿತು. ವಿಚಾರಿಸಲು ಬಂದ ಅತ್ತೆ-ಸೊಸೆಗೆ ಹೇಳಿದೆ. ಮುದುಕಿ ಬಾಗಿಲಲ್ಲೇ ಕೂತುಬಿಟ್ಟಳು.

“ಹಡಿಯೋ ಹೆಣಮಗಳು ಕಾಗದ ನೋಡಿ ಹಡೀತಾಳೇನೋ ತಮ್ಮಾ? ಈಕಿ ಬಂದಾಗಿಂದ ನಮ್ಮೂರಾಗ ಏಳು ಕೂಸು ಈಕಿ ಕೈಯಾಗ ಬಿದ್ದಾವು. ಒಂದರ ಕೇಳೈತೇನು, ರಂಗೂನ ಎಲ್ಲೈತಿ ಅಂತ?”

“ಕಾಯದೆ ಐತಿ ಯವ್ವಾ. ನನ್ನ ಕೈಯಾಗ ಏನೂ ಇಲ್ಲ.”

ಸೊಸೆ ಮುದುಕಿಯ ತೋಳು ಹಿಡಿದು ಎಬ್ಬಿಸಿದಳು. “ಬಿಡ್ರಿ ಅತ್ತಿ. ಬಾಬೂಜಿ ಏನ್ ಮಾಡ್ತಾರ? ಅವ್ರು ಒಬ್ರ ನನ್ನ ಕಾಗದ ಪೂರಾ ಓದಿದ್ರು.”

ನೌಕರಿಗೆ ಬಂದವಳು ಛಲೋ ಕೆಲಸ ಮಾಡಿದಳು, ಹುಕ್ಕೇರಿಯ ಜನ ಅವಳನ್ನು ಹಚ್ಚಿಕೊಂಡರು. ಇದು ನನ್ನನ್ನು ಇನ್ನಷ್ಟು ಗೊಂದಲಕ್ಕೆ ದೂಡುತ್ತದೆ. ಅವಳು ಕೆಟ್ಟವಳಾಗಿದ್ದರೆ ನನ್ನ ತಪ್ಪು ನನಗೆ ನೆಟ್ಟಗೆ ಕಾಣುತ್ತಿತ್ತೋ ಏನೋ.

ಮುಂದೆ ನನಗೆ ಗೋಕಾಕಿಗೆ ವರ್ಗವಾಯಿತು. ಒಂದು ದಿನ ಸಂತೆಯಲ್ಲಿ “ಬಾಬೂಜಿ” ಎಂದು ಯಾರೋ ಕರೆದರು. ಆಕೆಯೇ. ತಲೆಗೂದಲಲ್ಲಿ ಅರಳೆಯ ಎಳೆಗಳು. ಗಿರಣಿಯಲ್ಲಿ ನೂಲು ಸುತ್ತುವ ಕೆಲಸಕ್ಕೆ ಸೇರಿದ್ದಳು. ಅತ್ತೆಯನ್ನೂ ಕರೆತಂದು, ಇನ್ನೊಂದು ಸಂಸಾರದ ಜೊತೆ ಒಂದೇ ಖೋಲಿಯಲ್ಲಿ ಇದ್ದಳು.

“ಸಂಕೇಶ್ವರದಾಗ ಒಬ್ರು ಸಾವಕಾರ್ರು ಬಾಣಂತಿ ದವಾಖಾನಿ ಕಟ್ಟ್ಯಾರಂತ. ಒಂದು ಅರ್ಜಿ ಬರದು ಕೊಡ್ರಿ ಬಾಬೂಜಿ. ನಿಮ್ಮ ಅಕ್ಷರ ಚಂದ ಅದಾವು.”

ಅಂಗಡಿಯ ಕಟ್ಟೆಯ ಮೇಲೆ ಕೂತು ಬರೆಯತೊಡಗಿದೆ. ಸರ್ಟಿಫಿಕೇಟಿನ ಮಾತು ಬರುವ ಸಾಲಿಗೆ ಬಂದೆ. ಆ ಸುತ್ತೋಲೆಯ ನಂಬರು ನನಗೆ ಬಾಯಿಪಾಠವಾಗಿತ್ತು. ಅದನ್ನು ಬರೆದರೆ ಸಾವಕಾರರು ಒಪ್ಪಿಯಾರು. ಆದರೆ ಬರೆದದ್ದನ್ನು ಓದಿ ಹೇಳಿದಾಗ ಆಕೆ, ‘ಇದು ನಿಮಗೆ ಯಾವಾಗ ಗೊತ್ತಾತು ಬಾಬೂಜಿ?’ ಎಂದು ಕೇಳಿಯಾಳು.

“ಯಾಕ್ರಿ, ಶಾಯಿ ಮುಗೀತೇನ್ರಿ?”

“ಇಲ್ಲವಾ,” ಎಂದೆ. ‘ರಂಗೂನಿನ ಸರ್ಟಿಫಿಕೇಟು ಇದೆ, ದಯಮಾಡಿ ವಿಚಾರ ಮಾಡಬೇಕು’ ಎಂದಷ್ಟೇ ಬರೆದು ಕೊಟ್ಟೆ.

ಉತ್ತರ ಮರಾಠಿಯಲ್ಲಿ ಬಂತು. ಓದಿಸಿಕೊಳ್ಳಲು ಆಕೆ ಅದನ್ನು ನನ್ನ ಬಳಿಗೇ ತಂದಳು. ಮುಂಬಯಿ ಇಲಾಖೆಯ ಸರ್ಟಿಫಿಕೇಟು ಇದ್ದವರೇ ಬೇಕಂತೆ. ಓದಿ ಹೇಳಿದೆ. ಆಕೆ ಕಾಗದ ಮಡಚಿಕೊಂಡು, ಪಾಳಿಗೆ ಹೊತ್ತಾಯಿತೆಂದು, ನನಗೆ ಕೈ ಮುಗಿದು ಹೋದಳು.

ಆಮೇಲೂ ಸಂತೆಯಲ್ಲಿ ಎಷ್ಟೋ ಸಲ ಕಂಡಳು. ಪ್ರತಿ ಸಲವೂ ಆಕೆಯೇ ಮೊದಲು ಮಾತಾಡಿಸುತ್ತಿದ್ದಳು. ಹೇಳಲು ಬಾಯಿ ತೆರೆದರೆ, ಆಕೆ ನನ್ನ ಮೇಲಿಟ್ಟಿದ್ದ ನಂಬಿಕೆ ಅಡ್ಡ ಬರುತ್ತಿತ್ತು. ಅದನ್ನು ಕಳೆದುಕೊಳ್ಳುವುದು ನನಗೆ ಬೇಡವಾಗಿತ್ತು. ಆಕೆ ಸಾಯುವ ಮೊದಲು ಒಮ್ಮೆಯಾದರೂ ಕ್ಷಮೆ ಕೇಳಬೇಕಾಗಿತ್ತು, ಕೇಳಲಿಲ್ಲ. ಬೆಲ್ಲದ ಬಾಗೇವಾಡಿಯ ಆ ಸೊಸೆಯನ್ನು, ರಂಗೂನಿನಲ್ಲಿ ಎರಡು ವರ್ಷ ಕಲಿತು ಬಂದಿದ್ದ ಆ ಸೂಲಗಿತ್ತಿಯನ್ನು.